ಕಕ್ಕೆ ನೆಡಲೋ, ಗುಲ್‌ಮೊಹರ್ ನೆಡಲೋ?

ಪ್ರಶ್ನೆ: ಮನೆ ಮುಂದೆ ಒಂದೇ ಒಂದು ಹೂವಿನ ಮರಕ್ಕೆ ಜಾಗ ಇದೆ. ಬಿಸಿಲು ಚೆನ್ನಾಗಿ ಬೀಳುತ್ತದೆ. ಮರ ದೊಡ್ಡದಾದ ಮೇಲೆ ನೀರು ಹಾಕುತ್ತಾ ಕೂರಲು ಆಗುವುದಿಲ್ಲ. ಕಕ್ಕೆ ಒಳ್ಳೆಯದೋ, ಗುಲ್‌ಮೊಹರ್ ಒಳ್ಳೆಯದೋ?

ಉತ್ತರ: ಆ ಜಾಗದಿಂದ ಗೋಡೆ ಎಷ್ಟು ದೂರ ಇದೆ, ಮೊದಲು ಅಳೆದು ನೋಡಿ. ಹೂವಿನ ಬಣ್ಣ ನೋಡಿ ಮರ ಆರಿಸುವವರೇ ಜಾಸ್ತಿ. ಈ ಎರಡರ ವಿಷಯದಲ್ಲಿ ಮಾತ್ರ ಬೇರು ನೋಡಿ ಆರಿಸಬೇಕು.

ಗುಲ್‌ಮೊಹರ್ ಮಡಗಾಸ್ಕರಿನ ಒಣ ಕಾಡಿನಿಂದ ಬಂದ ಮರ. ನೀರಿಲ್ಲದಿದ್ದರೂ ತಡೆದುಕೊಳ್ಳುತ್ತದೆ. ಎತ್ತರ ಸುಮಾರು 10 ಮೀಟರ್ ಆದರೆ ಕೊಡೆಯ ಹಾಗೆ ಹರಡುವ ಅಗಲ ಅದಕ್ಕಿಂತ ಜಾಸ್ತಿ. ನೆರಳು ಬೇಕಿದ್ದರೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತಿದ್ದೆ. ಆದರೆ ಇದರ ಬೇರು ಆಳಕ್ಕೆ ಇಳಿಯದೆ ಮೇಲುಮಣ್ಣಿನಲ್ಲೇ ದೂರದೂರ ಹೋಗುತ್ತದೆ. ನೆಲದ ಹಾಸುಗಲ್ಲು ಎಬ್ಬಿಸುತ್ತದೆ, ಕಾಂಪೌಂಡ್ ಗೋಡೆ ಸೀಳುತ್ತದೆ. ಬುಡದಲ್ಲಿ ಹುಲ್ಲು ಕೂಡ ಸರಿಯಾಗಿ ಏಳುವುದಿಲ್ಲ. ಮರವೂ ಗಟ್ಟಿಯಲ್ಲ. ಜೋರು ಗಾಳಿಗೆ ದಪ್ಪ ಕೊಂಬೆಯೇ ಮುರಿದು ಬೀಳಬಹುದು. ಕೆಳಗೆ ಕಾರು ನಿಲ್ಲಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಕಕ್ಕೆ ಇಷ್ಟು ಕಾಟ ಕೊಡುವುದಿಲ್ಲ. ನಮ್ಮ ಕಾಡಿನದೇ ಮರ. ಹರಡುವುದು ಕಡಿಮೆ, ಬೇರಿನಿಂದ ತೊಂದರೆಯೂ ಕಡಿಮೆ. ಬೇಸಿಗೆಯಲ್ಲಿ ಮೊಳದುದ್ದದ ಹಳದಿ ಗೊಂಚಲು ಇಳಿಬಿಡುತ್ತದೆ. ಥಾಯ್ಲೆಂಡಿನ ರಾಷ್ಟ್ರೀಯ ಹೂವು, ಕೇರಳದ ರಾಜ್ಯ ಹೂವು ಎರಡೂ ಇದೇ. ನೆರಳು ಮಾತ್ರ ತೆಳು. ಕೋಲಿನಂಥ ಕಪ್ಪು ಕಾಯಿ ತಿಂಗಳುಗಟ್ಟಲೆ ನೇತಾಡುತ್ತದೆ, ಉದುರಿದರೆ ಒಳಗಿನ ಅಂಟು ತಿರುಳಿನಿಂದ ಗಲೀಜು. ಆ ತಿರುಳು ಭೇದಿ ಮಾಡಿಸುವ ಔಷಧಿ, ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಎಲೆಗೆ ಹಸಿರು ಹುಳು ಬಂದರೆ ಗಾಬರಿಯಾಗಿ ಔಷಧಿ ಹೊಡೆಯಬೇಡಿ. ಬಹುಪಾಲು ಅದು ಹಳದಿ ಚಿಟ್ಟೆಯ ಮರಿ, ಎಲೆ ಮತ್ತೆ ಚಿಗುರುತ್ತದೆ.

ಮನೆ ಮುಂದೆ ಅಂದಿರಲ್ವಾ? ಹಾಗಾದರೆ ಕಕ್ಕೆಯೇ ಸರಿ. ಗೋಡೆಯಿಂದ ನಾಲ್ಕೈದು ಮೀಟರ್ ಬಿಟ್ಟು ನೆಡಿ. ಗುಲ್‌ಮೊಹರೇ ಬೇಕು ಅಂದರೆ ಕಟ್ಟಡದಿಂದ ಹತ್ತು ಮೀಟರಾದರೂ ದೂರ ಇರಲಿ.

ಯಾವುದೇ ಆದರೂ ನೀರು ನಿಲ್ಲುವ ಜಾಗ ಬೇಡ. ಮೊದಲ ಒಂದೆರಡು ಬೇಸಿಗೆ ನೀರು ಕೊಡಲೇಬೇಕು. ಬೀಜದಿಂದ ಬೆಳೆಸುವುದಾದರೆ ಸಿಪ್ಪೆ ತುಂಬಾ ಗಟ್ಟಿ, ಒಂದು ಬದಿ ಉಜ್ಜಿ ರಾತ್ರಿಯಿಡೀ ನೆನೆಸಿ ಬಿತ್ತಿ. ಹೂವಿಗೆ ಮಾತ್ರ ಕೆಲವು ವರ್ಷ ಕಾಯಬೇಕು.