ಥ್ಯಾಡಿಯಸ್ ಸ್ಟೀವನ್ಸ್: ಸಮಾನತೆಗೆ ಹಠ ಹಿಡಿದ ವಕೀಲ

ಯಾವ ರಾಜ್ಯವೂ ಯಾರಿಗೂ ಕಾನೂನಿನ ಸಮಾನ ರಕ್ಷಣೆ ನಿರಾಕರಿಸುವಂತಿಲ್ಲ. ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಸೇರಿದ 14ನೇ ತಿದ್ದುಪಡಿಯ ಮಾತಿದು. ನಮ್ಮ ಸಂವಿಧಾನದ 14ನೇ ವಿಧಿಯಲ್ಲೂ ಇದೇ ಮಾತಿದೆ. ಅಮೆರಿಕದ ಆ ಮಾತನ್ನು ಬರೆದವರು ಓಹಿಯೋದ ಜಾನ್ ಬಿಂಗಮ್. ಸಂಸತ್ತಿನ ಕೆಳಮನೆಯಲ್ಲಿ ಮುಂದೆ ನಿಂತು ಗೆಲ್ಲಿಸಿದವರು ಪೆನ್ಸಿಲ್ವೇನಿಯಾದ ವಕೀಲ ಥ್ಯಾಡಿಯಸ್ ಸ್ಟೀವನ್ಸ್.

1792ರಲ್ಲಿ ವರ್ಮಾಂಟ್‌ನ ಬಡ ಮನೆಯಲ್ಲಿ ಹುಟ್ಟಿದವರು. ಒಂದು ಪಾದ ಹುಟ್ಟಿನಿಂದಲೇ ತಿರುಚಿತ್ತು. ಗೆಟಿಸ್‌ಬರ್ಗ್‌ನಲ್ಲಿ ವಕೀಲಿ ಶುರು ಮಾಡಿದರು. ಅಲ್ಲಿನ ಒಂದು ಕೇಸನ್ನು ಮರೆಯುವಂತಿಲ್ಲ. ಚಾರಿಟಿ ಬಟ್ಲರ್ ಎಂಬ ಕಪ್ಪು ಮಹಿಳೆ ತನಗೂ ಮಕ್ಕಳಿಗೂ ಬಿಡುಗಡೆ ಕೇಳಿ ಕೋರ್ಟಿಗೆ ಹೋಗಿದ್ದರು. ಒಡೆಯರು ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ಇರಿಸಿಕೊಂಡರೆ ಗುಲಾಮರು ಸ್ವತಂತ್ರರಾಗುತ್ತಿದ್ದರು. ಬಂದುಹೋದ ದಿನಗಳನ್ನು ಕೂಡಿಸಿ ಲೆಕ್ಕ ಹಾಕುವಂತಿಲ್ಲ ಎಂದು ಒಡೆಯರ ಪರ ವಾದಿಸಿದ ಸ್ಟೀವನ್ಸ್ 1821ರಲ್ಲಿ ಗೆದ್ದರು. ತಾಯಿ, ಮಕ್ಕಳು ಗುಲಾಮರಾಗಿಯೇ ಉಳಿದರು. ಈ ಗೆಲುವು ಅವರ ಬದುಕಿನ ಕಪ್ಪುಚುಕ್ಕೆ ಅಂತಲೇ ನಾನು ಹೇಳುತ್ತೇನೆ. ಮುಂದೆ ಅವರು ಓಡಿಬಂದ ಗುಲಾಮರ ಪರ ನಿಂತ ವಕೀಲರಾದರು.

1835ರಲ್ಲಿ ರಾಜ್ಯದ ಉಚಿತ ಶಾಲೆಗಳ ಕಾಯ್ದೆ ರದ್ದಾಗುವುದರಲ್ಲಿತ್ತು. ತೆರಿಗೆ ಜಾಸ್ತಿ ಎಂಬ ದೂರು. ಶಾಸಕ ಸ್ಟೀವನ್ಸ್ ಅವರ ಭಾಷಣ ಅದನ್ನು ಉಳಿಸಿತು. 1838ರ ರಾಜ್ಯ ಸಂವಿಧಾನ ಬಿಳಿಯರಿಗೆ ಮಾತ್ರ ಮತ ಕೊಟ್ಟಾಗ ಸಹಿ ಹಾಕಲು ಒಪ್ಪಲಿಲ್ಲ.

ಅಂತರ್ಯುದ್ಧ ಮುಗಿದ ಮೇಲೆ ಅವರು ಕೇಳಿದ್ದು ಕಾನೂನಿನ ಮಾತಷ್ಟೇ ಅಲ್ಲ, ಭೂಮಿಯನ್ನೂ. ದಕ್ಷಿಣದ ದೊಡ್ಡ ಜಮೀನ್ದಾರರ ಆಸ್ತಿ ಕಿತ್ತುಕೊಂಡು ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆ ಕೊಡಿ ಎಂದರು. ಹೊಲವಿಲ್ಲದವರು ಹಳೇ ಒಡೆಯರ ಬಾಗಿಲಿಗೇ ಹೋಗಬೇಕಲ್ವಾ? ಸಂಸತ್ತು ಒಪ್ಪಲಿಲ್ಲ. 14ನೇ ತಿದ್ದುಪಡಿಯಲ್ಲೂ ಕಪ್ಪು ಜನರಿಗೆ ನೇರವಾಗಿ ಮತದ ಹಕ್ಕು ಸಿಗಲಿಲ್ಲ. ಆದರೂ 1866ರ ಜೂನ್‌ನಲ್ಲಿ ಅದನ್ನು ಒಪ್ಪಿಕೊಂಡರು. ನಾನಿರುವುದು ಮನುಷ್ಯರ ನಡುವೆ, ದೇವತೆಗಳ ನಡುವೆ ಅಲ್ಲ ಎಂಬುದು ಅವರು ಕೊಟ್ಟ ಕಾರಣ.

1868ರ ಆಗಸ್ಟ್‌ನಲ್ಲಿ ತೀರಿಕೊಂಡರು. ಎಲ್ಲ ಬಣ್ಣದವರಿಗೂ ಜಾಗ ಕೊಡುವ ಲ್ಯಾಂಕಾಸ್ಟರ್‌ನ ಸ್ಮಶಾನವನ್ನು ತಾವೇ ಆರಿಸಿಕೊಂಡಿದ್ದರು. ಭೂಮಿ ಸಿಗದ ಲಕ್ಷಾಂತರ ಜನ ದಕ್ಷಿಣದಲ್ಲಿ ಪಾಲಿಗೆ ದುಡಿಯುವ ಗೇಣಿದಾರರಾದರು. ಅದೇ ತಿದ್ದುಪಡಿ ಇದ್ದೂ 1896ರಲ್ಲಿ ಸುಪ್ರೀಂ ಕೋರ್ಟ್ ಬಣ್ಣದ ಬೇರ್ಪಡಿಕೆಯನ್ನು ಎತ್ತಿಹಿಡಿಯಿತು. 1954ರಲ್ಲಿ ಅದೇ ತಿದ್ದುಪಡಿಯ ಆಧಾರದಲ್ಲಿ ಶಾಲೆಗಳಲ್ಲಿನ ಬೇರ್ಪಡಿಕೆ ಅಕ್ರಮ ಎಂದಿತು.