ಟರ್ಬೊ ಡೀಸೆಲ್: ಹಳೇ ಎಂಜಿನ್ ಯಾಕೆ ಬಾಳುತ್ತದೆ, ಎಲ್ಲಿ ಕೈಕೊಡುತ್ತದೆ

ಹಳೇ ಡೀಸೆಲ್ ಕಾರುಗಳ ಡಿಕ್ಕಿ ಮೇಲೆ ‘ಟರ್ಬೊ ಡಿ’ ಅಥವಾ ‘ಟಿಡಿ’ ಅಂತ ಒಂದು ಬಿಲ್ಲೆ ಅಂಟಿಸಿರುತ್ತಾರೆ. ಒಳಗಿರುವುದು ಡೀಸೆಲ್ ಎಂಜಿನ್, ಅದಕ್ಕೆ ಗಾಳಿಯನ್ನು ಒತ್ತಿ ತುಂಬಲು ಒಂದು ಟರ್ಬೊ ಇದೆ ಅಂತ ಅದರ ಅರ್ಥ. ಈ ಟರ್ಬೊಗೆ ಎಂಜಿನ್ನಿನಿಂದ ಬೆಲ್ಟ್ ಇಲ್ಲ, ಕರೆಂಟೂ ಇಲ್ಲ. ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯೇ ಅದನ್ನು ತಿರುಗಿಸುತ್ತದೆ. ಇಲ್ಲಿ ‘ಹಳೆಯದು’ ಅಂದರೆ 1970ರ ದಶಕದ ಕೊನೆಯಿಂದ 1990ರ ದಶಕದ ತನಕದ ಎಂಜಿನ್‌ಗಳು ಅಂತ ಇಟ್ಟುಕೊಳ್ಳಿ. ಡೀಸೆಲ್ ಚಿಮ್ಮಿಸುವ ಕೆಲಸವನ್ನು ಕಂಪ್ಯೂಟರ್ ಪೂರ್ತಿಯಾಗಿ ವಹಿಸಿಕೊಳ್ಳುವ ಮುಂಚಿನವು.

ಇವುಗಳ ಬಗ್ಗೆ ಎರಡು ಮಾತು ಓಡಾಡುತ್ತವೆ. ಒಂದು, ‘ಇವಕ್ಕೆ ಸಾವೇ ಇಲ್ಲ’. ಇನ್ನೊಂದು, ‘ಟರ್ಬೊ ಇದ್ದ ಮೇಲೆ ಖರ್ಚು ತಪ್ಪಿದ್ದಲ್ಲ’. ಎರಡೂ ಅರ್ಧ ಸತ್ಯ. ಎಂಜಿನ್ನಿನ ಕಬ್ಬಿಣ ನಿಜಕ್ಕೂ ಬಾಳುತ್ತದೆ. ಅದರ ಸುತ್ತ ಇರುವ ರಬ್ಬರು, ಪೈಪು, ವಾಷರು ಬಾಳುವುದಿಲ್ಲ. ಟರ್ಬೊ ಕೆಟ್ಟಾಗ ಹೆಚ್ಚಿನ ಸಲ ತಪ್ಪು ಟರ್ಬೊದ್ದಲ್ಲ, ಆಯಿಲ್‌ದು.

ಮೊದಲು ಡೀಸೆಲ್ ಎಂಜಿನ್ನನ್ನೇ ನೋಡೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸಲು ಪ್ಲಗ್ ಇರುತ್ತದೆ. ಡೀಸೆಲ್‌ನಲ್ಲಿ ಅದಿಲ್ಲ. ಸಿಲಿಂಡರಿನ ಗಾಳಿಯನ್ನು ಪಿಸ್ಟನ್ ಸುಮಾರು 20ರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಹಿಂಡುತ್ತದೆ. ಸೈಕಲ್ ಪಂಪ್ ಒತ್ತುವಾಗ ಅದರ ತುದಿ ಬಿಸಿಯಾಗುತ್ತದೆ ಅಲ್ವಾ, ಇಲ್ಲಿ ಆಗುವುದೂ ಅದೇ, ಆದರೆ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಗಾಳಿಗೆ ಡೀಸೆಲ್ ಚಿಮ್ಮಿದ ತಕ್ಷಣ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹಳೇ ಪೆಟ್ರೋಲ್ ಎಂಜಿನ್‌ಗಳು ಗಾಳಿಯನ್ನು 8ರಿಂದ 10 ಪಟ್ಟು ಹಿಂಡುತ್ತಿದ್ದವು, ಅಷ್ಟೇ.

ಇಷ್ಟು ಒತ್ತಡ ತಡೆದುಕೊಳ್ಳಬೇಕು ಅಂದರೆ ಎಲ್ಲವೂ ದಪ್ಪ ಇರಲೇಬೇಕು. ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮೈ, ಎರಕದ ಕಬ್ಬಿಣದ್ದು. ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಬೇರಿಂಗ್ ಎಲ್ಲ ಗಟ್ಟಿ. ಜೊತೆಗೆ ಓಡುವ ವೇಗವೂ ಕಡಿಮೆ. ಹೆಚ್ಚೆಂದರೆ ನಿಮಿಷಕ್ಕೆ 4,500ರಿಂದ 5,000 ಸುತ್ತು. ಭಾರೀ ಮೈಕಟ್ಟು, ನಿಧಾನದ ಓಟ. ಬಾಳಿಕೆಯ ಗುಟ್ಟಿನಲ್ಲಿ ದೊಡ್ಡ ಪಾಲು ಇಲ್ಲೇ ಇದೆ. ಸುಮ್ನೆ ‘ಆ ಕಾಲದ ಮಾಲೇ ಬೇರೆ’ ಅನ್ನುವುದರಲ್ಲಿ ಅಷ್ಟೇನೂ ಹುರುಳಿಲ್ಲ.

ಆದರೆ ಪಿಕಪ್ ಇರಲಿಲ್ಲ. ಟರ್ಬೊ ಇಲ್ಲದ ಡೀಸೆಲ್ ಕಾರು ಏರು ಹತ್ತುವಾಗ ಪಕ್ಕದಲ್ಲಿ ನಡೆದು ಹೋಗಬಹುದಿತ್ತು ಅಂತ ತಮಾಷೆ ಮಾಡುತ್ತಿದ್ದರು. ಕಾರಣ ಸರಳ. ಡೀಸೆಲ್ ಸುಡಲು ಗಾಳಿ ಜಾಸ್ತಿ ಬೇಕು. ಪಿಸ್ಟನ್ ತಾನಾಗಿ ಎಳೆದುಕೊಳ್ಳುವ ಗಾಳಿಗೆ ಮಿತಿಯಿದೆ. ಆ ಮಿತಿ ಮೀರಿ ಡೀಸೆಲ್ ಸುರಿದರೆ ಬರುವುದು ಶಕ್ತಿಯಲ್ಲ, ಕಪ್ಪು ಹೊಗೆ.

ಹೊರಗೆ ಹೋಗುವ ಹೊಗೆಯಲ್ಲಿ ಪೋಲಾಗುವ ಬಲವನ್ನು ಹಿಡಿದು ಒಳಗೆ ಗಾಳಿ ತಳ್ಳಲು ಬಳಸೋಣ ಅನ್ನುವ ಯೋಚನೆಗೆ ಸ್ವಿಸ್ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಹಡಗು, ಲಾರಿಗಳಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ ಡೀಸೆಲ್ ಕಾರಿಗೆ ಅದು ಬಂತು. 1976ರಲ್ಲಿ ಮರ್ಸಿಡಿಸ್ ತನ್ನ ಸಿ111 ಪ್ರಯೋಗದ ಕಾರಿಗೆ ಐದು ಸಿಲಿಂಡರಿನ ಟರ್ಬೊ ಡೀಸೆಲ್ ಕೂರಿಸಿ ಇಟಲಿಯ ನಾರ್ದೊ ಟ್ರ್ಯಾಕಿನಲ್ಲಿ ವೇಗದ ದಾಖಲೆಗಳನ್ನು ಮುರಿಯಿತು. 1978ರಲ್ಲಿ ಅಂಥದ್ದೇ 3 ಲೀಟರಿನ ಎಂಜಿನ್ ಹೊತ್ತು 300 ಎಸ್‌ಡಿ ಅಮೆರಿಕದ ರಸ್ತೆಗಿಳಿಯಿತು. ಮಾರಾಟಕ್ಕೆ ಬಂದ ಮೊದಲ ಟರ್ಬೊ ಡೀಸೆಲ್ ಕಾರು ಅದು. ಮರುವರ್ಷ ಯುರೋಪಿನಲ್ಲಿ ಪ್ಯೂಜೊ 604 ಬಂತು. ಟರ್ಬೊ ಇಲ್ಲದೆ ಸುಮಾರು 80 ಅಶ್ವಶಕ್ತಿ ಕೊಡುತ್ತಿದ್ದ ಆ ಮರ್ಸಿಡಿಸ್ ಎಂಜಿನ್ ಟರ್ಬೊ ಬಂದ ಮೇಲೆ ಸುಮಾರು 110ಕ್ಕೆ ಏರಿತು.

ಹಾಗಂತ ಹಳೇ ಎಂಜಿನ್ನಿಗೆ ಟರ್ಬೊ ಸಿಕ್ಕಿಸಿ ಬಿಟ್ಟಿರಲಿಲ್ಲ. ಪಿಸ್ಟನ್ನಿನ ಕೆಳಗಿನಿಂದ ಆಯಿಲ್ ಚಿಮ್ಮಿ ತಂಪು ಮಾಡುವ ನಳಿಗೆಗಳನ್ನು ಇಟ್ಟರು. ಹೊಗೆ ಹೋಗುವ ವಾಲ್ವ್‌ಗಳ ಒಳಗೆ ಶಾಖ ಸಾಗಿಸಲು ಸೋಡಿಯಂ ತುಂಬಿದರು. ಇವನ್ನೆಲ್ಲ ಮಾಡದೆ, ಟರ್ಬೊ ಇಲ್ಲದ ಎಂಜಿನ್ನಿಗೆ ಹೊರಗಿನಿಂದ ಟರ್ಬೊ ಕೂರಿಸಿ ಡೀಸೆಲ್ ಜಾಸ್ತಿ ಮಾಡಿದರೆ ಮೊದಲು ಪಿಸ್ಟನ್ ಕರಗುತ್ತದೆ. ಇಲ್ಲವೇ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಬಿರುಕು ಬಿಡುತ್ತದೆ.

ಟರ್ಬೊ ಬಿಚ್ಚಿ ನೋಡಿದರೆ ಬಸವನಹುಳುವಿನ ಆಕಾರದ ಎರಡು ಮನೆ, ನಡುವೆ ಒಂದು ಬೆರಳು ಗಾತ್ರದ ಶಾಫ್ಟ್. ಒಂದು ತುದಿಯ ಚಕ್ರಕ್ಕೆ ಬಿಸಿ ಹೊಗೆ ಬಡಿಯುತ್ತದೆ. ಇನ್ನೊಂದು ತುದಿಯ ಚಕ್ರ ತಣ್ಣನೆಯ ಗಾಳಿಯನ್ನು ಎಂಜಿನ್ನಿಗೆ ತಳ್ಳುತ್ತದೆ. ಜೋರಾಗಿ ಓಡಿಸುವಾಗ ಈ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತು ಮೀರುತ್ತದೆ. ಹೊಗೆಯ ಕಡೆ ಶಾಖ 600, 700 ಡಿಗ್ರಿ. ಇಷ್ಟೆಲ್ಲದರ ನಡುವೆ ಶಾಫ್ಟ್ ನಿಂತಿರುವುದು ಬಾಲ್ ಬೇರಿಂಗ್ ಮೇಲಲ್ಲ, ಹಿತ್ತಾಳೆ ಬಣ್ಣದ ಬುಶ್ (ಲೋಹದ ಬಳೆ) ಒಳಗೆ, ಆಯಿಲ್ಲಿನ ತೆಳುಪದರದ ಮೇಲೆ. ಶಾಫ್ಟ್ ಬುಶ್‌ಗೆ ತಾಗುವುದೇ ಇಲ್ಲ, ಆಯಿಲ್ಲಿನಲ್ಲಿ ತೇಲುತ್ತದೆ.

ಇದನ್ನು ತಿಳಿದರೆ ಟರ್ಬೊ ಸಾಯುವ ಬಗೆ ಅರ್ಥವಾಗುತ್ತದೆ. ಗಾಡಿಯನ್ನು ಒಂದು ಗಂಟೆ ಜೋರಾಗಿ ಓಡಿಸಿ ತಂದು, ನಿಲ್ಲಿಸಿದ ತಕ್ಷಣ ಕೀ ತಿರುವಿದಿರಿ ಅನ್ನಿ. ಎಂಜಿನ್ ನಿಂತಿತು, ಆಯಿಲ್ ಪಂಪೂ ನಿಂತಿತು. ಆದರೆ ಕಾದ ಟರ್ಬೊ ಕಾದೇ ಇದೆ. ಬುಶ್‌ನಲ್ಲಿ ಉಳಿದ ಆಯಿಲ್ ಅಲ್ಲೇ ಸುಟ್ಟು ಕರಕಲಾಗುತ್ತದೆ. ಇದೇ ದಿನಾ ನಡೆದರೆ ಆ ಕರಕಲು ಆಯಿಲ್ ದಾರಿಯನ್ನು ಮುಚ್ಚುತ್ತದೆ, ಶಾಫ್ಟನ್ನು ಉಜ್ಜುತ್ತದೆ. ಅದಕ್ಕೇ ಜೋರು ಓಟದ ನಂತರ ಒಂದೆರಡು ನಿಮಿಷ ಎಂಜಿನ್ನನ್ನು ಐಡಲ್‌ನಲ್ಲಿ ಬಿಡಿ ಅನ್ನುವುದು. ಊರೊಳಗೆ ನಿಧಾನಕ್ಕೆ ಬಂದು ನಿಲ್ಲಿಸಿದರೆ ಅದರ ಅಗತ್ಯವಿಲ್ಲ, ಅಷ್ಟರಲ್ಲಿ ಟರ್ಬೊ ತಂಪಾಗಿರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡುವುದೂ ಕೆಟ್ಟದ್ದೇ. ಆಯಿಲ್ ಇನ್ನೂ ಮೇಲೆ ಹತ್ತಿರುವುದಿಲ್ಲ.

ಆದ್ದರಿಂದ ಈ ಎಂಜಿನ್ನಿನ ಸೇವೆಯಲ್ಲಿ ಮೊದಲ ಸ್ಥಾನ ಆಯಿಲ್‌ಗೆ. ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಹೆದರಬೇಕಿಲ್ಲ. ಸುಟ್ಟ ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಆದರೆ ಹಿಡಿದಿಡುವುದಕ್ಕೂ ಒಂದು ಮಿತಿ. ಡೀಸೆಲ್ ಎಂಜಿನ್‌ಗೆಂದೇ ಗುರುತಿಸಿದ ಆಯಿಲ್ ಹಾಕಬೇಕು, ಫಿಲ್ಟರನ್ನು ಜೊತೆಗೇ ಬದಲಿಸಬೇಕು, ಕೈಪಿಡಿಯಲ್ಲಿ ಬರೆದ ಕಿಲೋಮೀಟರ್ ದಾಟಿಸಬಾರದು. ಟರ್ಬೊಗೆ ಆಯಿಲ್ ಒಯ್ಯುವ ಪೈಪು ಸಣ್ಣದು. ಅದರೊಳಗೆ ಮಸಿ ಕಟ್ಟಿದ್ದರೆ ಹೊಸ ಟರ್ಬೊ ಹಾಕಿದರೂ ಹಳೆಯದರ ಗತಿಯೇ. ಟರ್ಬೊ ಬದಲಿಸುವಾಗ ಆ ಪೈಪನ್ನೂ ಬದಲಿಸದ ಮೆಕ್ಯಾನಿಕ್ ಅರ್ಧ ಕೆಲಸ ಮಾಡಿದ ಹಾಗೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಡೀಸೆಲ್ ಚಿಮ್ಮಿಸುವ ವ್ಯವಸ್ಥೆ. ಹಳೇ ಕಾರುಗಳಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳುತ್ತಿರಲಿಲ್ಲ. ಹೆಡ್‌ನಲ್ಲಿ ಒಂದು ಪುಟ್ಟ ಕೋಣೆ. ಮೊದಲು ಅಲ್ಲಿ ಹೊತ್ತಿ, ಆಮೇಲೆ ಬೆಂಕಿ ಸಿಲಿಂಡರಿಗೆ ನುಗ್ಗುತ್ತಿತ್ತು. ಸದ್ದು ಕಡಿಮೆ, ಸುಡುವಿಕೆ ಮೆದು. ಆದರೆ ಆ ಕೋಣೆಯ ಗೋಡೆಗಳು ಶಾಖ ತಿನ್ನುವುದರಿಂದ ಡೀಸೆಲ್ ಸುಮಾರು 15 ಶೇಕಡಾ ಜಾಸ್ತಿ ಬೇಕು. ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಆ ಕೋಣೆಯನ್ನು ಕರೆಂಟಿನಿಂದ ಬಿಸಿ ಮಾಡುವ ಗ್ಲೋ ಪ್ಲಗ್ ಇಲ್ಲದೆ ಆಗುವುದಿಲ್ಲ. 1980ರ ದಶಕದ ಕೊನೆಗೆ ಫಿಯಟ್ ಕ್ರೋಮಾ, 1989ರಲ್ಲಿ ಔಡಿ 100 ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಟರ್ಬೊ ಡೀಸೆಲ್ ತಂದವು. 1997ರಲ್ಲಿ ಆಲ್ಫಾ ರೋಮಿಯೊ 156 ಕಾಮನ್ ರೈಲ್ ತಂದಿತು: ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಲ್ಲಿ ಒತ್ತಡದ ಡೀಸೆಲ್, ಚಿಮ್ಮಿಸುವ ಲೆಕ್ಕ ಕಂಪ್ಯೂಟರಿನದು. ಚಿಮ್ಮಿಸುವ ಒತ್ತಡ 1,350 ಬಾರ್‌ಗೆ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಏರಿತು. ‘ಹಳೇ ಟರ್ಬೊ ಡೀಸೆಲ್’ ಕಥೆ ಅಲ್ಲಿಗೆ ಮುಗಿಯುತ್ತದೆ.

ಹಳೆಯದರಲ್ಲಿ ಎಲ್ಲ ಲೆಕ್ಕವನ್ನೂ ಪಂಪೇ ಮಾಡುತ್ತಿತ್ತು. ಯಾವಾಗ, ಎಷ್ಟು ಡೀಸೆಲ್ ಅನ್ನುವುದನ್ನು ಒಳಗಿನ ಸ್ಪ್ರಿಂಗು, ತೂಕದ ತುಂಡು, ಕ್ಯಾಮ್‌ಗಳೇ ತೀರ್ಮಾನಿಸುತ್ತಿದ್ದವು. ಪಂಪಿನ ಪ್ಲಂಜರಿಗೂ (ಡೀಸೆಲ್ಲನ್ನು ಒತ್ತುವ ಕಡ್ಡಿ) ಅದರ ಗೂಡಿಗೂ ನಡುವೆ ಇರುವ ಸಂದು 2-3 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ಕಣ್ಣಿಗೆ ಕಾಣದ ಧೂಳೇ ಅಲ್ಲಿ ಗೀರು ಎಳೆಯುತ್ತದೆ. ನೀರು ಬಂದರೆ ತುಕ್ಕು. ಡೀಸೆಲ್ ಫಿಲ್ಟರ್ ಅಗ್ಗದ್ದು, ಅದು ಕಾಯುವ ಪಂಪ್ ದುಬಾರಿ. ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಸಿಯುವ ಕೆಲಸ ಐದು ನಿಮಿಷದ್ದು, ಆದರೂ ಯಾಕೋ ಯಾರೂ ಮಾಡುವುದಿಲ್ಲ.

ಫಿಲ್ಟರ್ ಬದಲಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಏರ್ ಹಿಡಿದಿದೆಯಾ ನೋಡಿ. ಪೈಪಿನಲ್ಲಿ ಗಾಳಿಗುಳ್ಳೆ ಸೇರಿಕೊಂಡರೆ ಪಂಪಿಗೆ ಒತ್ತಡ ಕಟ್ಟಲು ಬರುವುದಿಲ್ಲ. ಕೈಪಂಪ್ ಇದ್ದರೆ ಅದನ್ನು ಒತ್ತಿ ಏರ್ ತೆಗೆಯಬೇಕು. ಹಳೇ ಪೈಪಿನ ರಬ್ಬರ್ ಗಟ್ಟಿಯಾಗಿ ಸೀಳಿದ್ದರೂ ಇದೇ ತೊಂದರೆ. ಡೀಸೆಲ್ ಹೊರಗೆ ಸೋರುವುದೇ ಇಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಲು ಬೆಳಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ.

ರಬ್ಬರಿನ ಆಟ ಇಷ್ಟಕ್ಕೇ ನಿಲ್ಲುವುದಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ತಾನಾಗಿ ಹುಟ್ಟುವುದಿಲ್ಲ, ಅದಕ್ಕೆ ಬೇರೆ ಪಂಪ್ ಇರುತ್ತದೆ. ಹಳೇ ಮರ್ಸಿಡಿಸ್‌ಗಳಲ್ಲಿ ಎಂಜಿನ್ ಆಫ್ ಮಾಡುವುದಕ್ಕೂ ಇದೇ ವ್ಯಾಕ್ಯೂಮ್ ಬೇಕು. ಸಣ್ಣ ನಳಿಗೆಯೊಂದು ಸೀಳಿದರೆ ಸಾಕು, ಕೀ ತೆಗೆದು ಕೆಳಗಿಳಿದರೂ ಎಂಜಿನ್ ಪಾಡಿಗೆ ಎಂಜಿನ್ ಓಡುತ್ತಿರುತ್ತದೆ. ಬಾನೆಟ್ ಎತ್ತಿ ಅಲ್ಲಿರುವ ಸ್ಟಾಪ್ ಲಿವರ್ ಒತ್ತಿ ನಿಲ್ಲಿಸಬೇಕು. ಲಕ್ಷಾಂತರ ಕಿಲೋಮೀಟರ್ ಓಡಿದ ಕಬ್ಬಿಣ ಚೆನ್ನಾಗಿರುತ್ತದೆ, ಮಾನ ಕಳೆಯುವುದು ಒಂದು ಗೇಣು ರಬ್ಬರು.

ಟೈಮಿಂಗ್, ಅಂದರೆ ಪಿಸ್ಟನ್ನಿನ ಓಟಕ್ಕೆ ಸರಿಯಾಗಿ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವುದರ ಬಗ್ಗೆ ಎರಡು ಮಾತು. ಅದಕ್ಕೆ ಕೆಲವದರಲ್ಲಿ ಚೈನ್, ಕೆಲವದರಲ್ಲಿ ಬೆಲ್ಟ್. ಚೈನ್ ನಿಧಾನಕ್ಕೆ ಹಿಗ್ಗುತ್ತದೆ, ಸದ್ದು ಮಾಡಿ ಹೇಳುತ್ತದೆ. ಬೆಲ್ಟ್ ಹೇಳದೆ ಕೇಳದೆ ತುಂಡಾಗುತ್ತದೆ. ಡೀಸೆಲ್‌ನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗವೇ ಇರುವುದಿಲ್ಲವಾದ್ದರಿಂದ ವಾಲ್ವ್‌ಗಳು ಬಾಗುತ್ತವೆ. ಹಳೇ ಗಾಡಿ ಕೊಂಡವರು ಬೆಲ್ಟ್ ಯಾವಾಗ ಬದಲಿಸಿದ್ದು ಅನ್ನುವುದಕ್ಕೆ ಕಾಗದ ಸಿಗದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ, ಮೊದಲು ಅದನ್ನು ಮಾಡಿಸಬೇಕು.

ಉಳಿದದ್ದನ್ನು ಹೊಗೆ ಹೇಳುತ್ತದೆ. ಆಕ್ಸಿಲರೇಟರ್ ತುಳಿದಾಗ ಕಪ್ಪು ಹೊಗೆ ಜೋರಾಗಿ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚಾಗಿದೆ: ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೊ ಪೈಪ್ ಸೀಳಿರಬಹುದು, ಡೀಸೆಲ್ ಚಿಮ್ಮಿಸುವ ನಾಝಲ್ ಸೋರುತ್ತಿರಬಹುದು. ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಬೆಳಗ್ಗೆ ಬಿಳಿ ಹೊಗೆ, ಜೊತೆಗೆ ಹಸಿ ಡೀಸೆಲ್ ವಾಸನೆ ಇದ್ದರೆ ಗ್ಲೋ ಪ್ಲಗ್ ಅಥವಾ ಕಂಪ್ರೆಷನ್ (ಗಾಳಿಯನ್ನು ಹಿಂಡುವ ಒತ್ತಡ) ಕಡೆ ನೋಡಿ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ವಾಷರು) ಹೋಗಿರುವ ಸಾಧ್ಯತೆ ಜಾಸ್ತಿ. ಹಾಗಿದ್ದಾಗ ಓಡಿಸುತ್ತಾ ಹೋದರೆ ಹೆಡ್ಡೇ ಹೋಗುತ್ತದೆ.

ನೀಲಿ ಹೊಗೆಯನ್ನು ಕಡೆಗಣಿಸಿದರೆ ಇನ್ನೊಂದು ಅಪಾಯ ಉಂಟು. ಟರ್ಬೊದ ಬುಶ್, ಸೀಲ್ ಸವೆದು ಆಯಿಲ್ ಧಾರಾಳವಾಗಿ ಗಾಳಿ ಪೈಪಿಗೆ ಸೇರಿದರೆ ಎಂಜಿನ್ ಆ ಆಯಿಲ್ಲನ್ನೇ ಇಂಧನ ಮಾಡಿಕೊಂಡು ಓಡತೊಡಗುತ್ತದೆ. ವೇಗ ಏರುತ್ತಲೇ ಹೋಗುತ್ತದೆ. ಕೀ ತೆಗೆದರೂ ನಿಲ್ಲದು, ಸ್ಟಾಪ್ ಲಿವರ್ ಒತ್ತಿದರೂ ನಿಲ್ಲದು, ಯಾಕೆಂದರೆ ಆಗ ಡೀಸೆಲ್ ಸುಡುತ್ತಿಲ್ಲ. ಗೇರ್ ಗಾಡಿಯಾದರೆ ಬ್ರೇಕ್ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ಅದುಮಿ ನಿಲ್ಲಿಸಬಹುದು. ಇಲ್ಲದಿದ್ದರೆ ಗಾಳಿಯ ದಾರಿಯನ್ನು ಹಲಗೆಯಂಥ ಗಟ್ಟಿ ವಸ್ತುವಿನಿಂದ ಮುಚ್ಚಬೇಕು. ಕೈ ಇಡಬಾರದು. ಎಂಜಿನ್ ಕಿರುಚುತ್ತಿದ್ದರೆ ಅದನ್ನೂ ಮಾಡಲು ಹೋಗದೆ ದೂರ ನಿಲ್ಲಬೇಕು. ಹೀಗಾಗದ ಹಾಗೆ ನೋಡಿಕೊಳ್ಳುವುದು ಕಷ್ಟವಲ್ಲ: ಏರ್ ಪೈಪ್ ಬಿಚ್ಚಿ, ಎಂಜಿನ್ ತಣ್ಣಗಿರುವಾಗ ಟರ್ಬೊ ಚಕ್ರವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಿದರೆ ಸಹಜ. ಹಿಂದೆ ಮುಂದೆ ಕೈಗೆ ತಿಳಿಯುವಷ್ಟು ಅಲುಗಿದರೆ, ಅಥವಾ ಚಕ್ರದ ಅಂಚು ಗೋಡೆಗೆ ತಾಗಿದ ಗುರುತು ಕಂಡರೆ, ಟರ್ಬೊ ಬಿಚ್ಚುವ ಕಾಲ ಬಂದಿದೆ.