ಮತ್ತೆ ಬರಲಿಲ್ಲ ಅಂದ್ರೆ ವಾಸಿಯಾಯ್ತು ಅಂತಲ್ಲ

ಮಳವಳ್ಳಿ ಕಡೆಯ ಒಬ್ಬ ಅಜ್ಜಿ. ಸಕ್ಕರೆ ಕಾಯಿಲೆ, ಕಾಲಲ್ಲಿ ಗಾಯ. ಮಗ ವಿಡಿಯೊ ಕಾಲ್ ಮಾಡಿ ಡಾಕ್ಟರಿಗೆ ತೋರಿಸಿದ. ಮಾತ್ರೆ ಬರೆದುಕೊಟ್ಟರು. ಆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅಜ್ಜಿಯ ಬಗ್ಗೆ ಇದ್ದ ಕೊನೆಯ ಸಾಲು ಅದು.

ಗಾಯ ಮಾಯಿತು ಅಂದುಕೊಂಡೆ. ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಕೇಳಿದಾಗ ಅಜ್ಜಿ ಹೇಳಿದ್ದೇ ಬೇರೆ: "ಮಾತ್ರೆ ನುಂಗ್ದೆ, ಕಮ್ಮಿ ಆಗ್ನಿಲ್ಲ ಕನವ್ವ. ಆಮೇಲೆ ಮೈಸೂರು ದೊಡ್ಡಾಸ್ಪತ್ರೆಗೋಗಿ ಸೇರ್ಕಂಡೆ."

ನಾನು ಸಮುದಾಯ ವೈದ್ಯಕೀಯದವನು. ಫೋನಿನಲ್ಲಿ ನೋಡಿದ್ದು ರೋಗಿಗೆ ಸಾಕಾಯಿತಾ ಅಂತ ತಿಳಿಯಲು ಮಂಡ್ಯದಲ್ಲಿ ಕೂತು ಇಂಥ ದಾಖಲೆ ಓದುತ್ತೇನೆ. ದೂರದಿಂದ ರೋಗಿಯನ್ನು ನೋಡುವುದು ನಮ್ಮ ಕಡೆಗೆ ಹೊಸದಲ್ಲ. 2002ರ ಹೊತ್ತಿಗೇ ಸರಗೂರಿನ ಆಸ್ಪತ್ರೆಯಿಂದ ಬೆಂಗಳೂರಿನ ಹೃದಯ ತಜ್ಞರಿಗೆ ಇಸ್ರೋ ಉಪಗ್ರಹದ ಮೂಲಕ ಸಂಪರ್ಕ ಸಿಕ್ಕಿತ್ತು. ಆದರೆ ಜಾಸ್ತಿ ಜನರಿಗೆ ತಲುಪಿದ್ದು 2020ರಲ್ಲಿ. ಆ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಏಪ್ರಿಲ್‌ನಲ್ಲಿ ಮನೆಯಿಂದಲೇ ಡಾಕ್ಟರಿಗೆ ತೋರಿಸುವ ಸರ್ಕಾರಿ ಸೇವೆ, ಇ-ಸಂಜೀವನಿ ಒಪಿಡಿ ಶುರುವಾಯಿತು. ಫೋನಿನಲ್ಲಿ ನೋಡಿದರೂ ದಾಖಲೆ ಇಡಲೇಬೇಕು ಅಂತ ಆ ಮಾರ್ಗಸೂಚಿ ಹೇಳುತ್ತದೆ. ನಮಗೆ ಓದಲು ಇಷ್ಟೊಂದು ಸಿಕ್ಕಿರುವುದು ಅದರಿಂದಲೇ.

ಫೋನಿನಲ್ಲಿ ನೋಡಿದವರು ಅಡ್ಮಿಟ್ ಆದದ್ದು ಕಮ್ಮಿ ಅಂತ ದಾಖಲೆಯಲ್ಲಿ ಕಂಡರೆ, ಫೋನೇ ಸಾಕು ಅನ್ನಿಸಿಬಿಡುತ್ತದೆ. ಸ್ವಲ್ಪ ತಡೆಯಿರಿ. ಹಳೇ ಬಿಪಿಯವರು ಅದೇ ಮಾತ್ರೆ ಮುಂದುವರಿಸಲಾ ಅಂತ ಕೇಳಲು ಫೋನ್ ಮಾಡುತ್ತಾರೆ. ಎದೆನೋವಿನವರು ಆಟೊ ಹತ್ತಿ ನೇರ ಬರುತ್ತಾರೆ. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಫೋನ್ ಗೆಲ್ಲದೆ ಇನ್ನೇನಾಗುತ್ತದೆ? ಅದೇ ವಯಸ್ಸು, ಅದೇ ಕಾಯಿಲೆ, ಹೆಚ್ಚುಕಮ್ಮಿ ಅಷ್ಟೇ ತೀವ್ರತೆ ಇರುವವರನ್ನು ಜೋಡಿಸಿ ನೋಡಬೇಕು. ಮೊದಲ ಸಲ ತೋರಿಸಿದವರು ಬೇರೆ, ಮರುಭೇಟಿಯವರು ಬೇರೆ.

ಬಿಪಿ ಕಾಲಂ ಖಾಲಿ ಇದ್ದರೆ ನೋಡಿಲ್ಲ ಅಂತ ಅರ್ಥ, ಸರಿಯಾಗಿದೆ ಅಂತಲ್ಲ. ಖಾಲಿ ಬಿಟ್ಟವರಾದರೂ ಪರವಾಗಿಲ್ಲ. ನಾನು ಹೆದರುವುದು ಸಾಲುಸಾಲಾಗಿ 120/80 ಕಂಡಾಗ. ಖಾಲಿ ಬಿಟ್ಟರೆ ಮುಂದಿನ ಪುಟಕ್ಕೆ ಹೋಗಲು ಬಿಡದ ಸಾಫ್ಟ್‌ವೇರ್‌ಗಳಿವೆ. ಸುಮ್ನೆ ಏನೋ ಒಂದು ತುಂಬಿಬಿಡುತ್ತಾರೆ.

ಇನ್ನು, ಈ ಸಾಲು ಯಾರದ್ದು? ಮನೆಯಲ್ಲಿ ಐದು ಜನ, ಮೊಬೈಲ್ ನಂಬರ್ ಒಂದೇ, ಅದೂ ಬೆಂಗಳೂರಿನಲ್ಲಿರುವ ಮಗನದ್ದು. ಒಂದೇ ಜಯಮ್ಮ ಇಂಗ್ಲಿಷ್ ಅಕ್ಷರದಲ್ಲಿ ಮೂರು ಥರ. ವಯಸ್ಸು ಕೇಳಿದರೆ ಐವತ್ತು, ಇಲ್ಲ ಅರವತ್ತು. ಸರ್ಕಾರ ಕೊಡುವ ಆರೋಗ್ಯ ಗುರುತಿನ ಸಂಖ್ಯೆ, ಅಂದ್ರೆ 14 ಅಂಕಿಯ ಆಭಾ ಸಂಖ್ಯೆ, ಎರಡೂ ಆಸ್ಪತ್ರೆಯಲ್ಲಿ ನಮೂದಾಗಿದ್ದರೆ ಮಳವಳ್ಳಿಯ ಸಾಲಿಗೂ ಮೈಸೂರಿನ ಸಾಲಿಗೂ ಗಂಟು ಹಾಕುವುದು ಸುಲಭ. ಅಜ್ಜಿಯ ದಾಖಲೆಯಲ್ಲಿ ಆ ಜಾಗ ಖಾಲಿಯಿತ್ತು.

ಹಾಗಂತ ಎಲ್ಲರ ದಾಖಲೆ ಎಲ್ಲರ ಕೈಗೂ ಹೋಗಬಾರದು. ಹೆಸರು ಅಳಿಸಿದರೆ ಸಾಲದು. ಸಣ್ಣ ಊರು, ವಯಸ್ಸು, ಅಪರೂಪದ ಕಾಯಿಲೆ, ಇಷ್ಟು ಹೇಳಿದರೆ ಊರವರಿಗೆ ಯಾರು ಅಂತ ಗೊತ್ತಾಗುತ್ತದೆ ಅಲ್ವಾ? ಸಂಶೋಧನೆಯಿಂದ ರೋಗಿಗಳಿಗೆ ತೊಂದರೆ ಆಗದಂತೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಯ ಒಪ್ಪಿಗೆಗೆ ಅರ್ಜಿ ಹಾಕುವಾಗಲೇ ಊರಿನ ಹೆಸರು ಬಿಟ್ಟು ತಾಲ್ಲೂಕು ಮಾತ್ರ ಕೇಳುತ್ತೇನೆ.

ಈಗ ಲೆಕ್ಕ ಹಾಕುವ ಮೊದಲು, ಮತ್ತೆ ಬಾರದವರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತೇವೆ. ಆಸ್ಪತ್ರೆಯವರೇ ಅವರಿಗೆ ಫೋನ್ ಮಾಡುತ್ತಾರೆ. ಸಿಗದಿದ್ದರೆ ಆಶಾ ಹೋಗುತ್ತಾರೆ. ವಾರದ ನಂತರ ಹೇಗಿದ್ದಾರೆ ಅನ್ನುವ ಕಾಲಂ ಒಂದನ್ನು ಸೇರಿಸಿದ್ದೇವೆ. ಅಜ್ಜಿಯ ಸಾಲಿನಲ್ಲಿ ಈಗ ಹೀಗಿದೆ: ಮೈಸೂರಿನಲ್ಲಿ ಒಂದು ಬೆರಳು ತೆಗೆದಿದ್ದಾರೆ. ನಡೆಯುತ್ತಾರೆ.